ಬ್ಯಾನಿಯ ಗುಳಿಗೆ

ಮಹಾರಾಷ್ಟ್ರದ ಸೀಮೆಗೆ ಹತ್ತಿಕೊಂಡಿರುವ ಆಳಂದ ತಾಲೂಕಿನ ನಮ್ಮ ಖಜೂರಿಯಲ್ಲಿಯೂ ಅದರ ಸುತ್ತಣ ಹಳ್ಳಿಗಳಲ್ಲಿಯೂ ನಡುವಯಸ್ಸು ದಾಟಿದ ಯಾರನ್ನು ವಿಚಾರಿಸಿದರೂ ತಮ್ಮ ಕೀಲುನೋವಿನ ಕಥೆಯನ್ನು 2006ನೆಯ ಇಸವಿಯಿಂದಲೇ ಆರಂಭಿಸುತ್ತಾರೆ. 1973ರಲ್ಲಿ ಗಡಿಯಾಚೆಯ ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಕಾಣಿಸಿಕೊಂಡು, ಅನಂತರ ಮೂರು ದಶಕಗಳ ಕಾಲ ಈ ದೇಶದಲ್ಲಿ ಸದ್ದಿಲ್ಲದೆ ಅಡಗಿದ್ದ ಚಿಕುನ್‌ಗುನ್ಯಾ ಜ್ವರವು 2005ರ ಕೊನೆಯಲ್ಲಿ ಮತ್ತೆ ತಲೆಯೆತ್ತಿ, ಮರುವರ್ಷ ಕರ್ನಾಟಕವೊಂದರಲ್ಲಿಯೇ 7 ಲಕ್ಷಕ್ಕೂ ಮಿಕ್ಕ ಶಂಕಿತ ರೋಗಿಗಳನ್ನು ಹಾಸಿಗೆ ಹಿಡಿಸಿತು. ಅಂದು ಗುಲ್ಬರ್ಗಾ ಎಂದು ಕರೆಯಲ್ಪಡುತ್ತಿದ್ದ ನಮ್ಮ ಜಿಲ್ಲೆಯೂ ಆ ಹಾವಳಿಗೆ ಸಿಕ್ಕಿ ನರಳಿತು. ಜ್ವರವೇನೋ ವಾರದೊಳಗೆ ಇಳಿಯುತ್ತಿತ್ತು. ಆದರೆ ಮಣಿಕಟ್ಟು, ಮೊಣಕಾಲು, ಹಿಮ್ಮಡಿಗಳಲ್ಲಿ ನೆಲೆಯೂರಿದ ನೋವು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಬಿಡದೆ ಕಾಡಿತು. ರೊಟ್ಟಿ ಬಡಿಯುವ ಹೆಣ್ಣುಮಕ್ಕಳಿಗೆ ಹಿಟ್ಟು ನಾದಲು ಕೈ ಏಳಲೊಲ್ಲದು, ತೊಗರಿಯ ರಾಶಿಗೆ ನಿಂತ ಗಂಡಸರಿಗೆ ಬಗ್ಗಿ ಏಳಲು ಸೊಂಟ ಒಗ್ಗಲೊಲ್ಲದು ಎನ್ನುವಂಥ ಆ ದುರ್ದಿನಗಳಲ್ಲಿಯೇ, ಮೆಡಿಕಲ್ ಅಂಗಡಿಯ ಮುಂದೆ ನಿಂತು 'ಒಂದು ಬ್ಯಾನಿ ಗುಳಿಗಿ ಕೊಡ್ರಿ' ಎಂದು ಕೇಳಿ ಪಡೆಯುವ ರೂಢಿ ನಮ್ಮಲ್ಲಿ ಬಲಿತದ್ದು.

ನಮ್ಮ ಅವ್ವನಿಗೂ ಈ ರೂಢಿ ಅಂಟಿಕೊಂಡಿತು. ಜ್ವರ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆಯೂ ಆಕೆಯ ಮೊಣಕಾಲು ಮೊದಲಿನಂತಾಗಲಿಲ್ಲ. ವಯಸ್ಸಿನ ಸವೆತವೂ ಅದರೊಡನೆ ಕೂಡಿಕೊಂಡಿತು. ರಕ್ತದೊತ್ತಡಕ್ಕಾಗಿ ನಿತ್ಯವೂ ಬೇರೆ ಔಷಧಗಳಿದ್ದವು. ಒಂದು ಬೇಸಗೆಯಲ್ಲಿ ಆಕೆ ದಿನೇ ದಿನೇ ಬಿಳಿಚಿಕೊಂಡು, ಅಂಗಳದಿಂದ ಒಳಮನೆಗೆ ಬರುವಷ್ಟರಲ್ಲಿ ಏದುಸಿರು ಬಿಡತೊಡಗಿದಾಗ, ಬಿಸಿಲಿನ ಬಳಲಿಕೆಯೆಂದು ಮನೆಯವರೆಲ್ಲ ಭಾವಿಸಿದ್ದರು. ಮಲವು ಡಾಂಬರಿನಂತೆ ಕಪ್ಪಾಗಿ ಹೋಗುತ್ತಿರುವುದನ್ನು ಸಂಕೋಚವನ್ನು ಬದಿಗಿಟ್ಟು ಮೊದಲು ಹೇಳಿದವಳು ನನ್ನ ಹೆಂಡತಿ. ಆ ಒಂದು ಮಾತೇ ಅವ್ವನ ಜೀವವನ್ನುಳಿಸಿತೆಂದು ನಾನು ಇಂದಿಗೂ ನಂಬಿದ್ದೇನೆ. ಕಲಬುರಗಿಯಲ್ಲಿ ಪರೀಕ್ಷಿಸಿದ ವೈದ್ಯರು ನಾಡಿ ಹಿಡಿಯುತ್ತಲೇ ಕೇಳಿದರು:

"ಏನೇನ್ ಗುಳಿಗಿ ತಗೋತೀರಿ ಅವ್ವಾ?"

"ಬ್ಯಾನಿದು ಒಂದೇ ರೀ ಸಾಹೇಬ್ರ, ಮೊಣಕಾಲಿಗಿ. ಈ ಕೆಂಪಂದು ಬ್ಯಾರೆ ಅದ, ಇದು ಸೊಂಟಕ್ಕ."

ವೈದ್ಯರು ಎರಡೂ ಪಟ್ಟಿಗಳನ್ನು ಬೋರಲು ಹಾಕಿ ಮೇಜಿನ ಮೇಲೆ ಪಕ್ಕಪಕ್ಕದಲ್ಲಿರಿಸಿ ನನ್ನನ್ನು ಹತ್ತಿರಕ್ಕೆ ಕರೆದರು. ಒಂದು ನಮ್ಮೂರಿನಲ್ಲಿ ಕೊಂಡದ್ದು, ಮತ್ತೊಂದು ಸಂತೆಗೆ ಹೋದ ನೆಂಟರ ಕೈಯಲ್ಲಿ ತರಿಸಿದ್ದು. ಬಣ್ಣ ಬೇರೆ, ಕಂಪನಿ ಬೇರೆ, ದಪ್ಪಕ್ಷರದ ಹೆಸರು ಬೇರೆ. ಆದರೆ ಹೊಳೆಯುವ ತಗಡಿನ ಬೆನ್ನಿನ ಮೇಲೆ, ಕನ್ನಡಕವಿಲ್ಲದೆ ಓದಲಾಗದಷ್ಟು ಕಿರಿದಾಗಿ ಮುದ್ರಿತವಾಗಿದ್ದ ಒಳಹೆಸರು ಎರಡರಲ್ಲಿಯೂ ಒಂದೇ ಆಗಿತ್ತು: ಡೈಕ್ಲೋಫೆನಾಕ್ 50 ಮಿಲಿಗ್ರಾಂ. ಒಂದರಲ್ಲಿ ಅದರ ಜೊತೆಗೆ ಪ್ಯಾರಾಸಿಟಮಾಲ್ ಬೆರೆಸಿತ್ತು, ಅಷ್ಟೇ ಭೇದ. ಎಡದಂಚಿನಲ್ಲಿ ಮೇಲಿನಿಂದ ಕೆಳಕ್ಕೆ ಎಳೆದ ಕೆಂಪು ಗೆರೆ ಎರಡರ ಮೇಲೂ ಇತ್ತು. ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಔಷಧವೆಂಬುದಕ್ಕೆ ಸರಕಾರವೇ ಇರಿಸಿದ ಗುರುತು ಅದು. ಮೊಣಕಾಲಿಗೊಂದು, ಸೊಂಟಕ್ಕೊಂದು ಎಂದು ಅವ್ವ ನುಂಗುತ್ತಿದ್ದುದು ಒಂದೇ ದ್ರವ್ಯದ ಇಮ್ಮಡಿ ಪ್ರಮಾಣವನ್ನು; ಹೊಟ್ಟೆಯೊಳಗೆ ರಕ್ತ ಸೋರಿ ಮಲ ಕಪ್ಪಾದದ್ದು ಅದರಿಂದಲೇ.

ಆಸ್ಪತ್ರೆಯಲ್ಲಿ ಕುಳಿತ ಆ ಕಾಲದಲ್ಲಿ ಕೇಳಿ ತಿಳಿದುಕೊಂಡದ್ದೂ ಆಮೇಲೆ ಓದಿ ಅರಿತದ್ದೂ ಸೇರಿ, ಈ ವರ್ಗದ ಗುಳಿಗೆಗಳ ವಿಷಯದಲ್ಲಿ ನನಗೆ ಮನವರಿಕೆಯಾದ ಮುಖ್ಯ ಸಂಗತಿಯೊಂದುಂಟು. ಡೈಕ್ಲೋಫೆನಾಕ್, ಐಬುಪ್ರೊಫೇನ್, ಅಸಿಕ್ಲೋಫೆನಾಕ್, ನಿಮೆಸುಲೈಡ್ ಎಂದು ಹೆಸರು ಯಾವುದಿದ್ದರೂ ಇವು ನೋವಿರುವ ಕೀಲನ್ನು ಹುಡುಕಿಕೊಂಡು ಹೋಗತಕ್ಕವಲ್ಲ. ರಕ್ತದಲ್ಲಿ ಬೆರೆತು ಸರ್ವಾಂಗವನ್ನೂ ಸುತ್ತತಕ್ಕವು. ಶರೀರದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ದ್ರವ್ಯಗಳು ಉತ್ಪನ್ನವಾಗುವುದನ್ನು ಆಸ್ಪಿರಿನ್ ಹಾಗೂ ಅದರ ಬಂಧುಗಳಾದ ಔಷಧಗಳು ತಡೆಯುತ್ತವೆಂಬುದನ್ನು 1971ರಲ್ಲಿ ಇಂಗ್ಲೆಂಡಿನ ಜಾನ್ ವೇನ್ ಪ್ರತಿಪಾದಿಸಿದನು. 1982ರಲ್ಲಿ ಆತನಿಗೆ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕವು ದೊರೆಯಿತು. ಊದಿದ ಕೀಲಿನಲ್ಲಿ ನೋವನ್ನೂ ಉರಿಯನ್ನೂ ಹೆಚ್ಚಿಸುವ ಈ ದ್ರವ್ಯಗಳೇ ಜಠರದಲ್ಲಿ ಆಮ್ಲದಿಂದ ಒಳಗೋಡೆಯನ್ನು ರಕ್ಷಿಸುವ ಲೋಳೆಯನ್ನು ಪೋಷಿಸುತ್ತವೆ; ನೀರಿನಂಶ ಕುಂದಿದಾಗ ಮೂತ್ರಪಿಂಡಕ್ಕೆ ಹೋಗುವ ರಕ್ತನಾಳವನ್ನು ಅಗಲವಾಗಿರಿಸುವ ಕಾರ್ಯವೂ ಇವುಗಳದೇ. ಆದುದರಿಂದ ಮೊಣಕಾಲಿನ ಶತ್ರುವನ್ನು ಅಡಗಿಸುವ ಗುಳಿಗೆಯು ಅದೇ ಗಳಿಗೆಯಲ್ಲಿ ಹೊಟ್ಟೆಯ ಕಾವಲನ್ನೂ ಮೂತ್ರಪಿಂಡದ ಕಾವಲನ್ನೂ ಹಿಂದೆಗೆಯುತ್ತದೆ.

ಈ ತತ್ತ್ವವು ಬುದ್ಧಿಗೆ ಹತ್ತಿದ ಮೇಲೆ ನಮ್ಮ ಕಡೆಯ ಅನೇಕ ನಂಬಿಕೆಗಳು ಎಷ್ಟು ಅರೆಬರೆಯಾದವೆಂಬುದು ತಾನಾಗಿ ಗೋಚರಿಸಿತು. 'ಊಟದ ಮ್ಯಾಲ ತಗೊಂಡ್ರ ಏನೂ ಆಗಂಗಿಲ್ಲ' ಎನ್ನುವುದು ಅವುಗಳಲ್ಲಿ ಮೊದಲನೆಯದು. ರೊಟ್ಟಿ ಉಂಡ ಮೇಲೆ ನುಂಗಿದರೆ ತತ್ಕಾಲದ ಉರಿ, ಓಕರಿಕೆಗಳು ತಗ್ಗುವುದು ನಿಜ. ಹಾಗೆ ನುಂಗುವುದೇ ಉಚಿತವೂ ಹೌದು. ಆದರೆ ಹುಣ್ಣಾಗುವುದು ಗುಳಿಗೆಯು ಹೊಟ್ಟೆಯ ಗೋಡೆಗೆ ತಾಗಿದ ಮಾತ್ರದಿಂದಲ್ಲ, ರಕ್ತದ ಮೂಲಕ ಆ ಗೋಡೆಯ ರಕ್ಷಣೆಯನ್ನು ಕುಂದಿಸಿದುದರಿಂದ. ಇದೇ ಕಾರಣದಿಂದ 'ಸೂಜಿ ಮಾಡಿಸಿಕೊಂಡರೆ ಹೊಟ್ಟೆಗೆ ತೊಂದರೆಯಿಲ್ಲ' ಎಂಬ ಸಮಾಧಾನವೂ ನಿಲ್ಲತಕ್ಕದ್ದಲ್ಲ. ತೊಡೆಗೋ ರಟ್ಟೆಗೋ ಚುಚ್ಚಿದ ಔಷಧವೂ ರಕ್ತದ ದಾರಿಯಲ್ಲಿಯೇ ಜಠರವನ್ನು ತಲುಪುತ್ತದೆ. ಇನ್ನು ಗ್ಯಾಸಿನ ಗುಳಿಗೆಯೆಂದು ನಾವೆಲ್ಲ ಕರೆಯುವ ಓಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ಗಳನ್ನು ವೈದ್ಯರು ಮುಂಜಾನೆ ಆಹಾರಕ್ಕೆ ಅರ್ಧ ಗಂಟೆ ಮೊದಲು ಕೊಡುವುದುಂಟು. ಮುಪ್ಪಿನವರಿಗೆ ಅದು ಅಗತ್ಯವಾದ ಆಸರೆ. ಆದರೂ ಅದು ಕಾಯುವುದು ಹೊಟ್ಟೆಯನ್ನು ಮಾತ್ರ, ಮೂತ್ರಪಿಂಡವನ್ನಲ್ಲ ಎಂಬುದನ್ನು ಹೇಳುವವರು ವಿರಳ, ಕೇಳುವವರು ಇನ್ನೂ ವಿರಳ.

ಮೂತ್ರಪಿಂಡದ ಮಾತನ್ನು ನಮ್ಮ ಬೇಸಗೆಯ ನಾಡಿನಲ್ಲಿ ಎಷ್ಟು ವಿಸ್ತರಿಸಿ ಹೇಳಿದರೂ ಅಧಿಕವಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಮಾನವು 42, 43 ಡಿಗ್ರಿಗೇರುವ ಈ ಕರಿಮಣ್ಣಿನ ಹೊಲಗಳಲ್ಲಿ ದಿನವಿಡೀ ದುಡಿದು, ಕುಡಿದ ನೀರಿಗಿಂತ ಹೆಚ್ಚು ಬೆವರನ್ನು ಸುರಿಸಿ, ಸಂಜೆ ಮೈಕೈ ನೋವಿಗೆ ಗುಳಿಗೆ ನುಂಗುವ ಕೂಲಿಕಾರನ ಶರೀರದಲ್ಲಿ, ಮೂತ್ರಪಿಂಡಕ್ಕೆ ರಕ್ತ ಒದಗಿಸುವ ಆ ಕೊನೆಯ ಆಸರೆಯೂ ತಪ್ಪುತ್ತದೆ. ಯುಗಾದಿಯ ಸುಮಾರಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಉತ್ತರ ಕರ್ನಾಟಕದ ಭಕ್ತರನ್ನು ಕಂಡಾಗಲೆಲ್ಲ ನನಗೆ ಈ ಚಿಂತೆ ಬಾರದೆ ಇರುವುದಿಲ್ಲ. ಉರಿಬಿಸಿಲಿನಲ್ಲಿ ಅಷ್ಟು ದೂರ ನಡೆಯುವವರ ಜೋಳಿಗೆಯಲ್ಲಿ ಮಜ್ಜಿಗೆ ಪಾನಕಗಳು ಎಷ್ಟಿದ್ದರೂ ಬೇಕು, ಬ್ಯಾನಿಯ ಗುಳಿಗೆ ಮಾತ್ರ ಆದಷ್ಟು ಕಡಿಮೆಯಿರಬೇಕು. ಅವ್ವನಂತೆ ರಕ್ತದೊತ್ತಡಕ್ಕೆ ಎನಲಾಪ್ರಿಲ್, ಟೆಲ್ಮಿಸಾರ್ಟನ್ ಮೊದಲಾದವನ್ನೂ ಮೂತ್ರ ಹೆಚ್ಚಿಸುವ ಗುಳಿಗೆಯನ್ನೂ ಸೇವಿಸುವವರು ಇದನ್ನು ಮೂರನೆಯದಾಗಿ ಸೇರಿಸಿಕೊಂಡರೆ ಅಪಾಯವು ಇನ್ನೂ ತೀವ್ರ. ಮೂತ್ರಪಿಂಡದ ಬಳಲಿಕೆಯನ್ನು ಸೂಚಿಸುವ ಕ್ರಿಯಾಟಿನಿನ್ ಆಕೆಯ ರಕ್ತದಲ್ಲಿ ಏರಿದ್ದುದಕ್ಕೆ ವೈದ್ಯರು ತೋರಿಸಿದ ಕಾರಣವೂ ಈ ಸಂಯೋಗವೇ.

ಡೈಕ್ಲೋಫೆನಾಕ್ ಮೂತ್ರಪಿಂಡವನ್ನು ಹೇಗೆ ಹಾಳುಗೆಡವಬಲ್ಲುದೆಂಬುದಕ್ಕೆ ಲೋಕವೇ ಬೆರಗಾದ ದೃಷ್ಟಾಂತವನ್ನು ಒದಗಿಸಿದವು ರಣಹದ್ದುಗಳು. 1990ರ ದಶಕದಿಂದ ಭಾರತದಲ್ಲಿ ಮೂರು ಜಾತಿಯ ರಣಹದ್ದುಗಳು ಶೇಕಡ 95ಕ್ಕಿಂತಲೂ ಹೆಚ್ಚಾಗಿ ನಶಿಸಿದವು. ದನಗಳಿಗೆ ನೋವು ನೀಗಲೆಂದು ಕೊಟ್ಟ ಡೈಕ್ಲೋಫೆನಾಕ್ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ಹಕ್ಕಿಗಳ ಮೂತ್ರಪಿಂಡಗಳನ್ನು ಕೆಡಿಸಿ ಕೊಲ್ಲುತ್ತಿದೆಯೆಂಬುದು 2004ರಲ್ಲಿ ಪ್ರಕಟವಾಯಿತು. 2006ರಲ್ಲಿ ಕೇಂದ್ರ ಸರಕಾರವು ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸಿತು. ಮನುಷ್ಯನ ದೇಹವು ಹದ್ದಿನ ದೇಹದಷ್ಟು ಸೂಕ್ಷ್ಮವಲ್ಲ, ಎರಡನ್ನೂ ಸಮನೆನ್ನಲಾಗದು. ಆದರೂ ದನದ ಕೊಟ್ಟಿಗೆಯಿಂದ ಆ ಔಷಧವನ್ನು ಹೊರಹಾಕಿದ ವರ್ಷದಲ್ಲಿಯೇ ನಮ್ಮ ಮನೆಗಳಲ್ಲಿ ಅದು ಉಪ್ಪಿನ ಭರಣಿಯ ಪಕ್ಕದಲ್ಲಿ ಸ್ಥಾನ ಪಡೆಯಿತೆಂಬುದನ್ನು ನೆನೆದಾಗ ನನ್ನ ಮನಸ್ಸು ಕಲಕುತ್ತದೆ.

ಹೃದಯದ ವಿಷಯದಲ್ಲಿಯೂ ಎಚ್ಚರ ಬೇಕು. ಇದೇ ಕುಲದ ರೋಫೆಕಾಕ್ಸಿಬ್ ಎಂಬ ಔಷಧವು ಹೃದಯಾಘಾತದ ಸಂಭವವನ್ನು ಹೆಚ್ಚಿಸುವುದು ಕಂಡುಬಂದು 2004ರಲ್ಲಿ ಜಗತ್ತಿನ ಮಾರುಕಟ್ಟೆಯಿಂದಲೇ ಹಿಂದೆಗೆಯಲ್ಪಟ್ಟಿತು. ಹೃದ್ರೋಗಿಗಳು, ಗರ್ಭಿಣಿಯರು, ಉಬ್ಬಸವುಳ್ಳವರು, ಹಿಂದೆ ಹೊಟ್ಟೆಯಲ್ಲಿ ಹುಣ್ಣಾಗಿದ್ದವರು ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು. ಜ್ವರ ಬಂದು ಅದು ಡೆಂಗಿಯಲ್ಲವೆಂದು ನಿಶ್ಚಯವಾಗುವವರೆಗೂ ಇವುಗಳ ತಂಟೆ ಬೇಡ, ರಕ್ತಸ್ರಾವದ ಭಯವುಂಟು. ಅಲ್ಲಿಯವರೆಗೆ ತಕ್ಕ ಪ್ರಮಾಣದ ಪ್ಯಾರಾಸಿಟಮಾಲ್ ಸಾಕು.

ಅವ್ವ ಚೇತರಿಸಿಕೊಂಡಳು, ಆದರೆ ನೋವು ಆಕೆಯನ್ನು ಬಿಟ್ಟುಹೋಗಲಿಲ್ಲ, ನೋವನ್ನು ಸಹಿಸೆಂದು ಮುದುಕಿಗೆ ಉಪದೇಶಿಸುವ ಕಾಠಿಣ್ಯವೂ ನನ್ನಲ್ಲಿಲ್ಲ. ಬಿಸಿನೀರಿನ ಶಾಖ, ಕುಳಿತಲ್ಲಿಯೇ ಕಾಲು ನೀಡಿ ತೊಡೆಯ ಸ್ನಾಯುವನ್ನು ಬಿಗಿಹಿಡಿಯುವ ಸರಳ ವ್ಯಾಯಾಮ, ನೆಲದ ಬದಲು ಕುರ್ಚಿ, ಮೊಣಕಾಲಿಗೆ ಹಚ್ಚುವ ಡೈಕ್ಲೋಫೆನಾಕ್ ಮುಲಾಮು: ಇವುಗಳಿಂದ ಆಕೆಯ ಬಹುಪಾಲು ದಿನಗಳು ಸಾಗುತ್ತವೆ. ಮುಲಾಮಿನಿಂದ ರಕ್ತಕ್ಕಿಳಿಯುವ ಅಂಶವು ಗುಳಿಗೆಗಿಂತ ಬಹಳ ಕಡಿಮೆ. ನೋವು ಮಿತಿಮೀರಿದಾಗ ಪ್ಯಾರಾಸಿಟಮಾಲನ್ನು ವೈದ್ಯರು ಹೇಳಿದ ಲೆಕ್ಕದಲ್ಲಿ ಕೊಡುತ್ತೇವೆ. ಆಕೆಗೆಂದು ಬ್ಯಾನಿಯ ಗುಳಿಗೆ ಮನೆಯೊಳಗೆ ಬರುವುದಿಲ್ಲ. ನನಗೆ ಬೆನ್ನು ಹಿಡಿದುಕೊಂಡಾಗ ಚೀಟಿಯ ಮೇಲೆ ಅದನ್ನು ತರಿಸುವುದುಂಟು. ಆಗ ಅಲ್ಪಪ್ರಮಾಣ, ಅಲ್ಪಕಾಲ ಎಂಬ ಕಟ್ಟಳೆಯನ್ನು ಮೀರುವುದಿಲ್ಲ; ಊಟವಾದ ಮೇಲೆ, ತುಂಬಿದ ಲೋಟ ನೀರಿನೊಡನೆ, ಜಗಿಯದೆ ಪುಡಿಮಾಡದೆ ನುಂಗಿ, ಕೂಡಲೇ ಮಲಗದೆ ಕುಳಿತಿರುತ್ತೇನೆ. ವಾಂತಿಭೇದಿಯಾದ ದಿನ ಅದನ್ನು ನಿಲ್ಲಿಸುತ್ತೇನೆ. ಅಂಗಡಿಯಲ್ಲಿ ಬಣ್ಣ ಹೇಳಿ ಕೇಳುವುದನ್ನು ನಮ್ಮ ಮನೆಯಲ್ಲಿ ಎಲ್ಲರೂ ಬಿಟ್ಟಿದ್ದೇವೆ. ಕನ್ನಡಕ ಹಾಕಿಕೊಂಡು ಒಳಹೆಸರನ್ನು ಓದಿ, ಮನೆಯಲ್ಲಿ ಅದೇ ಹೆಸರಿನದು ಬೇರೊಂದು ಇಲ್ಲವೆಂದು ನೋಡಿಕೊಂಡ ಮೇಲೆಯೇ ದುಡ್ಡು ಕೊಡುವುದು.

ಮಲ ಕಪ್ಪಾದರೆ, ವಾಂತಿಯಲ್ಲಿ ರಕ್ತವೋ ಕಾಫಿಪುಡಿಯಂಥ ಕಣಗಳೋ ಕಂಡರೆ, ಮೂತ್ರವು ತೀರ ಕಡಿಮೆಯಾಗಿ ಪಾದಗಳು ಬಾತರೆ, ಎದೆ ಹಿಡಿದಂತಾದರೆ, ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿದರೆ, ಬೆಳಗಾಗಲಿ, ಬಸ್ಸು ಬರಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ, ಆಳಂದದ ತಾಲೂಕು ಆಸ್ಪತ್ರೆಗೋ ಕಲಬುರಗಿಗೋ ಹೊರಡತಕ್ಕದ್ದು. ಹೊರಡುವಾಗ ರೋಗಿಯು ನುಂಗಿದ ಗುಳಿಗೆಗಳ ಪಟ್ಟಿಗಳನ್ನೆಲ್ಲ, ಖಾಲಿಯಾದವನ್ನೂ ಬಿಡದೆ, ಒಂದು ಚೀಲಕ್ಕೆ ಹಾಕಿ ಜೊತೆಗೊಯ್ಯಬೇಕು. ವೈದ್ಯರು ಮೊದಲು ಕೇಳುವುದು ಅದನ್ನೇ.