ಗಣಕಯಂತ್ರದ ನೆನಪನ್ನು ಅಡಕಮಾಡುವ ಬಗೆ

ಕಡಿಮೆ ಬೆಲೆಯ ಗಣಕಯಂತ್ರವನ್ನು ಮಗಳಿಗೆ ಕೊಡಿಸಿದರೆ ಅವಳ ವ್ಯಾಸಂಗಕ್ಕೆ ಸಾಕಾಗುವುದೋ ಎಂದು ತಾಯಿತಂದೆಗಳು ಕೇಳುವುದುಂಟು. ಉತ್ತರ ಹೇಳುವುದಕ್ಕೆ ಮೊದಲು ಯಂತ್ರದ ನೆನಪಿನ ವಿಷಯವನ್ನು ತಿಳಿಯತಕ್ಕದ್ದು. ಕೆಲಸ ನಡೆಯುತ್ತಿರುವಾಗ ಬೇಕಾದುದನ್ನೆಲ್ಲ ಯಂತ್ರವು ‘ರ್‍ಯಾಮ್’ ಎಂಬಲ್ಲಿ ಇಟ್ಟುಕೊಂಡಿರುತ್ತದೆ. ಇದು ಮೇಜಿನಂತೆ; ಶಾಶ್ವತವಾದ ಸಂಗ್ರಹವು ಬೀರುವಿನಂತೆ. ಮೇಜು ತುಂಬಿದರೆ ಕಾಗದಗಳನ್ನು ಬೀರುವಿಗೆ ಒಯ್ದು, ಬೇಕಾದಾಗ ಪುನಃ ತರಬೇಕಾಗುವುದು. ಅಗ್ಗದ ಯಂತ್ರಗಳ ಬೀರು ಬಹಳ ನಿಧಾನವಾದದ್ದು. ಪದೇ ಪದೇ ಬರೆದರೆ ಸವೆಯುವಂಥದೂ ಹೌದು.

ಬಡದೇಶಗಳ ಶಾಲಾಮಕ್ಕಳಿಗೋಸ್ಕರ 2007ರಲ್ಲಿ ತಯಾರಾದ ‘ಎಕ್ಸ್‌ಓ-1’ ಎಂಬ ಯಂತ್ರದಲ್ಲಿದ್ದ ರ್‍ಯಾಮ್ 256 ಮೆಗಾಬೈಟು ಮಾತ್ರ. ಇಷ್ಟು ಚಿಕ್ಕ ಮೇಜಿಗೆ ಉಪಾಯವೇನೆಂದರೆ, ಸದ್ಯಕ್ಕೆ ಬೇಡವಾದ ಕಾಗದಗಳನ್ನು ಬೀರುವಿಗೆ ಕಳುಹಿಸದೆ ಮೇಜಿನ ಮೇಲೆಯೇ ಮಡಿಸಿಡುವುದು. ‘ಲಿನಕ್ಸ್’ ವ್ಯವಸ್ಥೆಯಲ್ಲಿ ಈ ಏರ್ಪಾಟಿಗೆ ‘ಜೆಡ್‌ರ್‍ಯಾಮ್’ ಎಂದು ಹೆಸರು. ನಿತಿನ್ ಗುಪ್ತರವರು ರಚಿಸಿದ ಇದು 2014ರಲ್ಲಿ ಲಿನಕ್ಸಿನ ಮುಖ್ಯಭಾಗಕ್ಕೆ ಸೇರಿತು. ಕ್ರೋಮ್‌ಬುಕ್ಕುಗಳಲ್ಲಿಯೂ ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿಯೂ ಇದೇ ನಡೆಯುತ್ತದೆ. ನಾವು ಕಾಣೆವು, ಅಷ್ಟೇ.

ಮಡಿಸುವುದು ಹೇಗೆ? ನಮ್ಮ ಗೀತಪುಸ್ತಕವನ್ನು ತೆರೆದು ನೋಡಿರಿ. ಪಲ್ಲವಿಯನ್ನು ಒಂದೇ ಸಾರಿ ಪೂರ್ತಿಯಾಗಿ ಅಚ್ಚುಹಾಕಿ, ಚರಣಗಳ ಕೊನೆಯಲ್ಲಿ ಅದರ ಮೊದಲ ಮಾತನ್ನು ಮಾತ್ರ ಕೊಟ್ಟಿರುವರು. ಹಾಡುವವರಿಗೆ ಅಷ್ಟು ಸಾಕು. ಯಂತ್ರವೂ ಸಾಮಾನ್ಯವಾಗಿ 4096 ಬೈಟುಗಳ ಒಂದೊಂದು ಪುಟವನ್ನು ಓದುತ್ತಾ, ಹಿಂದೆ ಬಂದದ್ದೇ ಮತ್ತೆ ಬಂದಲ್ಲಿ, ‘ಇಷ್ಟು ಹಿಂದಕ್ಕೆ ಹೋಗಿ ಇಷ್ಟನ್ನು ತೆಗೆದುಕೋ’ ಎಂಬ ಗುರುತನ್ನು ಮಾತ್ರ ಬರೆಯುತ್ತದೆ. ಈ ಕ್ರಮವನ್ನು ಇಸ್ರೇಲಿನ ವಿದ್ವಾಂಸರಾದ ಲೆಂಪೆಲ್ ಮತ್ತು ಜಿವ್ ಎಂಬವರು 1977ರಲ್ಲಿ ಪ್ರಕಟಿಸಿದರು. ಬರೀ ಸೊನ್ನೆಗಳ ಪುಟವಾದರೆ ಅದಕ್ಕೆ ಸ್ಥಳವೇ ಬೇಡವೆನ್ನಬಹುದು. ಬಿಚ್ಚಿದಾಗ ಒಂದಕ್ಷರವಾದರೂ ನಷ್ಟವಾಗಿರುವುದಿಲ್ಲ.

ಹಾಗೆಂದು, ನೆನಪು ಇಮ್ಮಡಿಯಾಗುವುದೆಂದು ಅಂಗಡಿಯವರು ಹೇಳಿದರೆ ಪೂರ್ತಿಯಾಗಿ ನಂಬತಕ್ಕದ್ದಲ್ಲ. ಬರಹಗಳು ಚೆನ್ನಾಗಿ ಕುಗ್ಗುವವು. ಮೊದಲೇ ಅಡಕಗೊಂಡ ಛಾಯಾಚಿತ್ರ, ಚಲನಚಿತ್ರಗಳ ಕಡತಗಳು ಇನ್ನು ಕುಗ್ಗಲಾರವು. ಇದಲ್ಲದೆ ಮಡಿಸಿ ಬಿಚ್ಚುವ ಶ್ರಮವೆಲ್ಲ ಪ್ರೊಸೆಸರಿನ ಮೇಲೆಯೇ ಬೀಳುವುದು. ಹುಡುಗಿಯು ಒಂದೆರಡು ಕೆಲಸಗಳನ್ನು ತೆರೆದಿಟ್ಟರೆ ಲಾಭವುಂಟು. ಇಪ್ಪತ್ತನ್ನು ತೆರೆದರೆ ಯಂತ್ರವು ಮಡಿಸುವುದರಲ್ಲಿಯೂ ಬಿಚ್ಚುವುದರಲ್ಲಿಯೂ ಕಾಲಕಳೆದು, ಪಾಠವು ನಿಂತುಹೋದೀತು. ಆದುದರಿಂದ ಕೊಳ್ಳುವಾಗಲೇ, ರ್‍ಯಾಮನ್ನು ಮುಂದೆ ಹೆಚ್ಚಿಸಲು ಸಾಧ್ಯವೋ ಎಂದು ವಿಚಾರಿಸಿರಿ. ಅಗ್ಗದ ಎಷ್ಟೋ ಯಂತ್ರಗಳಲ್ಲಿ ಅದನ್ನು ಬೆಸುಗೆಹಾಕಿಯೇ ಕೂರಿಸಿರುತ್ತಾರೆ.