ನಗರದ ನಡುವೆ ನಾಡಗಿಡಗಳ ತೋಟ

ಬೆಂಗಳೂರು ಉದ್ಯಾನಗಳ ನಗರವೆಂದು ಹೆಸರಾದುದು. ಆದರೆ ಅದರ ಬೀದಿಗಳನ್ನು ಅಲಂಕರಿಸುವ ಮರಗಳ ಹುಟ್ಟೂರನ್ನು ವಿಚಾರಿಸಿದರೆ ಅಚ್ಚರಿಯಾಗುವುದು. ನೀಲಿ ಹೂವಿನ ಜಕರಂದ ದಕ್ಷಿಣ ಅಮೆರಿಕದ್ದು. ಬೇಸಗೆಯಲ್ಲಿ ಕೆಂಡದಂತೆ ಅರಳುವ ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು. ಮಳೆಮರವೂ ಗುಲಾಬಿ ಬಣ್ಣದ ತಬೆಬುಯವೂ ಅಮೆರಿಕದ ಉಷ್ಣಪ್ರದೇಶಗಳಿಂದ ಬಂದುವು. ಹೈದರಾಲಿ 1760ರಲ್ಲಿ ಲಾಲ್‌ಬಾಗನ್ನು ಆರಂಭಿಸಿದ ಕಾಲದಿಂದಲೂ ದೂರದೇಶದ ಗಿಡಗಳನ್ನು ತಂದು ಬೆಳೆಸುವುದು ಈ ಊರಿನ ಸಂಪ್ರದಾಯವಾಗಿದೆ. ಈ ಅತಿಥಿಗಳ ಸೊಬಗನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಬಡಾವಣೆಯ ನಿವಾಸಿಗಳು ಒಟ್ಟುಗೂಡಿ, ಪಾಳುಬಿದ್ದ ಒಂದು ತುಂಡು ನೆಲದಲ್ಲಿ ನಾಡಗಿಡಗಳನ್ನೇ ಬೆಳೆಸಲು ಹೊರಟರೆ ಅದರಿಂದ ಆಗುವ ವಿಶೇಷ ಪ್ರಯೋಜನವೇನು ಎಂಬುದಷ್ಟೇ ಇಲ್ಲಿಯ ಪ್ರಶ್ನೆ.

ನಾಡಗಿಡವೆಂದರೆ ಮನುಷ್ಯನು ತಂದು ನೆಡುವುದಕ್ಕೆ ಮೊದಲೇ ಆ ಸೀಮೆಯಲ್ಲಿ ತಾನಾಗಿ ಬೆಳೆಯುತ್ತಿದ್ದ ಗಿಡ. ನಮಗೆ ಬಹುಕಾಲದಿಂದ ಬಳಕೆಯಾದುದೆಲ್ಲ ನಾಡಗಿಡವಾಗದು. ನಮ್ಮ ಸಾರಿಗೆ ಹುಳಿ ಕೊಡುವ ಹುಣಸೆಯ ಮೂಲವೇ ಆಫ್ರಿಕವೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ! ಹಾಗೆಯೇ ಮಲೆನಾಡಿನ ದಟ್ಟ ಕಾಡಿನ ಗಿಡವು ಕರ್ನಾಟಕದ್ದೇ ಆದರೂ ಬೆಂಗಳೂರಿನ ಒಣನೆಲಕ್ಕೆ ಅಪರಿಚಿತ. ಇಲ್ಲಿ ಸಲ್ಲುವುವು ಹೊಂಗೆ, ನೇರಳೆ, ಮುತ್ತುಗ, ಕಕ್ಕೆ, ಬಿಲ್ವ, ತಂಗಡಿ, ಲಕ್ಕಿ, ಎಕ್ಕ ಮೊದಲಾದುವು. ಸುತ್ತಲ ಹಳ್ಳಿಗಳಲ್ಲಿ ಅಳಿದುಳಿದಿರುವ ಗುಂಡುತೋಪುಗಳನ್ನೂ ಕೆರೆಯ ಏರಿಗಳನ್ನೂ ಒಮ್ಮೆ ಸುತ್ತಿಬಂದರೆ ಇವುಗಳಲ್ಲಿ ಹಲವನ್ನು ಕಾಣಬಹುದು. ಊರವರೆಲ್ಲರ ಸೊತ್ತಾಗಿದ್ದ ಆ ತೋಪುಗಳೇ ನಮ್ಮ ತೋಟದ ಹಿರಿಯರು.

ಈಗ ಮುಖ್ಯ ವಿಷಯಕ್ಕೆ ಬರೋಣ. ಸೂರ್ಯನ ಬೆಳಕಿನ ಅತ್ಯಲ್ಪ ಭಾಗವನ್ನು, ಸಾಮಾನ್ಯವಾಗಿ ನೂರರಲ್ಲಿ ಒಂದರಷ್ಟನ್ನು, ಎಲೆಯು ರಾಸಾಯನಿಕ ಶಕ್ತಿಯಾಗಿ ಮಾರ್ಪಡಿಸಿ ಕೂಡಿಡುತ್ತದೆ. ಈ ಶಕ್ತಿಯು ಪ್ರಾಣಿಲೋಕಕ್ಕೆ ಸಾಗಬೇಕಾದರೆ ಎಲೆಯನ್ನು ಯಾರಾದರೂ ತಿನ್ನಬೇಕು. ಆದರೆ ಗಿಡಗಳು ಸುಮ್ಮನೆ ತಿನ್ನಿಸಿಕೊಳ್ಳುವುದಿಲ್ಲ. ಎಲೆಯಲ್ಲಿ ಕಹಿ, ಒಗರು, ವಿಷಗಳನ್ನು ತುಂಬಿಕೊಂಡಿರುತ್ತವೆ. ಒಂದೊಂದು ಗಿಡದ ವಿಷವನ್ನು ಅರಗಿಸಿಕೊಳ್ಳುವ ಸಾಮರ್ಥ್ಯವನ್ನು ಕೆಲವೇ ಕೀಟಗಳು ಅನೇಕ ಸಹಸ್ರ ವರ್ಷಗಳ ಒಡನಾಟದಿಂದ ಪಡೆದಿವೆ. ಎಕ್ಕದ ಹಾಲು ದನಗಳಿಗೂ ಬೇಡ. ಪ್ಲೇನ್ ಟೈಗರ್ ಎಂಬ ಕಿತ್ತಳೆ ಬಣ್ಣದ ಚಿಟ್ಟೆಯಾದರೋ ಅದೇ ಎಲೆಯ ಮೇಲೆ ಮೊಟ್ಟೆಯಿಡುತ್ತದೆ; ಅದರ ಮರಿಹುಳುವು ಎಲೆಯನ್ನು ಮೆದ್ದು, ವಿಷದ ಅಂಶವನ್ನು ಮೈಯಲ್ಲಿ ಉಳಿಸಿಕೊಂಡು, ಹಕ್ಕಿಗಳಿಗೆ ರುಚಿಸದಂತಾಗುತ್ತದೆ. ಕಕ್ಕೆಯ ಎಲೆ ಕಾಮನ್ ಎಮಿಗ್ರಂಟ್ ಎಂಬ ಹಳದಿ ಚಿಟ್ಟೆಯ ಮರಿಗಳಿಗೆ ಆಹಾರ. ಕರಿಬೇವಿನ ಮೇಲೆ ಕಾಮನ್ ಮಾರ್ಮನ್ ಚಿಟ್ಟೆಯ ಎಳೆಯ ಹುಳುಗಳು ಹಕ್ಕಿಯ ಹಿಕ್ಕೆಯಂತೆ ವೇಷ ಹಾಕಿ ಕುಳಿತಿರುತ್ತವೆ.

ಅನ್ಯದೇಶದ ಗಿಡದ ಹೂವಿನಲ್ಲಿಯೂ ಚಿಟ್ಟೆಗಳು ಮಕರಂದ ಹೀರುವುದಿಲ್ಲವೇ ಎಂದು ವಾಚಕರು ಕೇಳಬಹುದು. ನಿಜ. 19ನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ಬಂದ ಲಂಟಾನದ ಹೂವಿನ ಮೇಲೆ ಚಿಟ್ಟೆಗಳ ಸಂತೆಯೇ ನೆರೆಯುತ್ತದೆ. ಆದರೆ ಆ ಚಿಟ್ಟೆಗಳ ಮರಿಗಳಿಗೆ ಅದರ ಎಲೆ ಒಗ್ಗದು. ದಾರಿಹೋಕರಿಗೆ ಅದು ಛತ್ರ, ಬಾಣಂತನಕ್ಕೆ ತವರುಮನೆಯಲ್ಲ. ಮರಿಹುಳುಗಳಿಲ್ಲದ ತೋಟದಲ್ಲಿ ಹಕ್ಕಿಗಳೂ ಕಡಮೆ. ಕಾಳು ತಿನ್ನುವ ಗುಬ್ಬಚ್ಚಿಯೂ ತನ್ನ ಮರಿಗಳಿಗೆ ಉಣಿಸುವುದು ಹುಳುಗಳನ್ನೇ.

ಇಂಥ ತೋಟಗಳಲ್ಲಿ ವಿವಾದ ಹುಟ್ಟುವುದೂ ಇಲ್ಲಿಯೇ. ಎಲೆಗಳು ತೂತಾದೊಡನೆ ಗಿಡಕ್ಕೆ ರೋಗ ಬಂದಿತೆಂದು ಒಬ್ಬರು ಔಷಧ ಸಿಂಪಡಿಸಲು ಹೊರಡುತ್ತಾರೆ; ಮತ್ತೊಬ್ಬರು ಶುಚಿತ್ವದ ಹೆಸರಿನಲ್ಲಿ ತರಗೆಲೆಯನ್ನೆಲ್ಲ ಗುಡಿಸಿ ಬೆಂಕಿಯಿಡುತ್ತಾರೆ. ತೂತಾದ ಎಲೆಯು ಈ ತೋಟದ ಸೋಲಲ್ಲ, ಗಳಿಕೆ. ಮೊದಲ ಸಸಿಯನ್ನು ನೆಡುವ ಮೊದಲೇ ಈ ಮಾತನ್ನು ಸಭೆಯಲ್ಲಿ ಚರ್ಚಿಸಿ, ವಿಷ ಸಿಂಪಡಿಸಕೂಡದು, ಎಲೆ ಸುಡಕೂಡದು ಎಂದು ಎಲ್ಲರೂ ಒಪ್ಪಿಕೊಳ್ಳುವುದು ಲೇಸು. ಜಾಗದ ಒಡೆತನವುಳ್ಳ ಕಚೇರಿಯ ಲಿಖಿತ ಒಪ್ಪಿಗೆಯೂ ಅವಶ್ಯ.

ತರಗೆಲೆಯ ವಿಷಯದಲ್ಲಿ ಭೌತಶಾಸ್ತ್ರವೂ ಎರಡು ಮಾತು ಹೇಳಬಲ್ಲುದು. ಬರಿಯ ನೆಲದಲ್ಲಿ ಮಣ್ಣಿನ ಕಣಗಳ ನಡುವಣ ಸೂಕ್ಷ್ಮ ಸಂದುಗಳು ಲೋಮನಾಳಗಳಂತೆ ವರ್ತಿಸಿ, ಆಳದ ತೇವವನ್ನು ಮೇಲಕ್ಕೆಳೆದು ಬಿಸಿಲಿಗೊಪ್ಪಿಸುತ್ತವೆ. ನಾಲ್ಕು ಬೆರಳು ದಪ್ಪದ ತರಗೆಲೆ ಹೊದಿಸಿದರೆ ಅದರಲ್ಲಿ ಸಿಕ್ಕಿಕೊಂಡ ಗಾಳಿಯು ಶಾಖವನ್ನು ಸುಲಭವಾಗಿ ಒಳಬಿಡದು. ತೇವವೂ ಬೇಗ ಆರದು. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 900 ಮಿಲಿಮೀಟರಿಗಿಂತ ಹೆಚ್ಚು ಮಳೆಯಾಗುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ಆದುದರಿಂದ 200 ಚದರ ಮೀಟರಿನ ತೋಟಕ್ಕೆ ಆಕಾಶದಿಂದಲೇ 1,80,000 ಲೀಟರ್ ಬರುತ್ತದೆ! ತುಳಿದು ಗಟ್ಟಿಯಾದ ನೆಲದಲ್ಲಿ ಇದರ ಬಹುಭಾಗ ಚರಂಡಿಯ ಪಾಲು. ಆದುದರಿಂದ ಮೊದಲ ಕೆಲಸ ಕಟ್ಟಡದ ಭಗ್ನಾವಶೇಷಗಳನ್ನು ಹೊರಹಾಕಿ ಮಣ್ಣನ್ನು ಸಡಿಲಿಸುವುದು, ಇಳಿಜಾರಿಗೆ ಅಡ್ಡಲಾಗಿ ಮೊಳದಾಳದ ಕಾಲುವೆಗಳನ್ನು ತೋಡಿ ನೀರು ಇಂಗುವಂತೆ ಮಾಡುವುದು.

ಹೀಗೆ ಇಂಗಿದ ನೀರನ್ನು ಬೇರು ಹೀರಿ ಎಲೆಯ ಮೂಲಕ ಆವಿಯಾಗಿ ಬಿಡುವಾಗ ಸುತ್ತಲ ಶಾಖವು ಗುಪ್ತೋಷ್ಣವಾಗಿ ವ್ಯಯವಾಗುತ್ತದೆ. ಒಂದು ಗ್ರಾಂ ನೀರಿಗೆ ಸುಮಾರು 580 ಕೆಲೊರಿ. ಒಂದೇ ಒಂದು ಲೀಟರ್ ನೀರು ಹೀಗೆ ಆವಿಯಾಗುವಾಗ ಹೀರುವ ಶಾಖವು 25 ಡಿಗ್ರಿ ಸೆಂಟಿಗ್ರೇಡಿನ ಏಳು ಲೀಟರ್ ನೀರನ್ನು ಕುದಿಬಿಂದುವಿಗೆ ಮುಟ್ಟಿಸಲು ಸಾಕು. ಬೇಸಗೆಯ ನಡುವೆ ಹೊಸ ಎಲೆಯಿಂದ ತುಂಬಿ ನಿಲ್ಲುವ ಹೊಂಗೆಯ ನೆರಳು ತಗಡಿನ ಚಪ್ಪರದ ನೆರಳಿಗಿಂತ ಹಿತವೆನಿಸಲು ಇದೂ ಒಂದು ಕಾರಣ. ತಗಡು ಬಿಸಿಲನ್ನು ತಡೆದರೂ ತಾನೇ ಕಾಯುತ್ತದೆ, ಎಲೆ ಬೆವರುತ್ತದೆ.

ಈಚೆಗೆ ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯವಾಕಿಯವರ ವಿಧಾನವು ನಗರಗಳಲ್ಲಿ ಬಹಳ ಪ್ರಚಾರ ಪಡೆದಿದೆ. ಅದರಂತೆ ಚದರ ಮೀಟರಿಗೆ ಮೂರು ನಾಲ್ಕು ಸಸಿಗಳನ್ನು ಒತ್ತಾಗಿ ನೆಡುತ್ತಾರೆ. ದಟ್ಟವಾದ ಕಾಡೇ ಸಹಜವಾಗಿರುವ ಕಡೆ ಅದು ಸರಿ. ಬೆಂಗಳೂರಿನ ಸುತ್ತ ಹುಲ್ಲು, ಕುರುಚಲು, ನಡುನಡುವೆ ಮರ, ಇವು ಬೆರೆತ ನೋಟವೇ ಹೆಚ್ಚು. ತಂಗಡಿ, ಎಕ್ಕಗಳು ಬಿಸಿಲಿಲ್ಲದೆ ಬಾಳವು. ಆದುದರಿಂದ ಹೊಂಗೆ, ನೇರಳೆಗಳನ್ನು ಪಶ್ಚಿಮದ ಅಂಚಿನಲ್ಲಿ ದೂರದೂರ ನೆಟ್ಟು ನಡುವನ್ನು ಬಯಲಾಗಿ ಬಿಡುವುದೇ ಮೇಲೆಂದು ನನಗೆ ತೋರುತ್ತದೆ. ಎಕ್ಕದ ಹಾಲು ಕಣ್ಣಿಗೆ ಅಪಾಯಕರವಾದುದರಿಂದ ಅದು ಮಕ್ಕಳು ಆಡುವ ಕಡೆ ಬೇಡ.

ಸಸಿಗಳನ್ನು ಜೂನ್ ತಿಂಗಳಲ್ಲಿ ನೆಟ್ಟರೆ ಒಣ ತಿಂಗಳುಗಳು ಬರುವ ಮೊದಲು ಬೇರೂರಲು ನಾಲ್ಕೈದು ತಿಂಗಳು ಸಿಗುತ್ತವೆ. ಸೆಪ್ಟೆಂಬರ್, ಅಕ್ಟೋಬರುಗಳ ದೊಡ್ಡ ಮಳೆಯೂ ನೆರವಾಗುತ್ತದೆ. ಮೊದಲ ಎರಡು ಬೇಸಗೆಗಳಲ್ಲಿ ಮಾತ್ರ ಸರದಿಯಂತೆ ನೀರೆರೆಯಬೇಕು. ವಿದ್ಯಾರ್ಥಿಗಳಿಗೆ ಇಲ್ಲಿ ಒಳ್ಳೆಯ ಪ್ರಯೋಗವೂ ಉಂಟು. ಏಪ್ರಿಲಿನ ಮಧ್ಯಾಹ್ನ ಎರಡು ಗಂಟೆಗೆ ಡಾಂಬರಿನ ರಸ್ತೆ, ಬರಿಯ ಮಣ್ಣು, ತರಗೆಲೆಯಡಿಯ ಮಣ್ಣು ಈ ಮೂರರ ಉಷ್ಣತೆಯನ್ನು ಅಳೆದು, ಒಂದು ದಪ್ಪ ಪುಸ್ತಕದಲ್ಲಿ ದಿನಾಂಕದೊಡನೆ ಬರೆದಿಡಬೇಕು. ಅದೇ ಪುಟದ ಇನ್ನೊಂದು ಬದಿಯಲ್ಲಿ ಯಾವ ಗಿಡದ ಎಷ್ಟು ಎಲೆಗಳು ತೂತಾಗಿವೆ, ತಿಂದವರು ಯಾರು ಎಂಬುದನ್ನು.