ಅರಗು, ಆಲೆಮರ, ಡಜನ್ ರೇಟು: ಲೇತಿನ ಮುಂದೆ ಕಲಿತದ್ದು

ಚನ್ನಪಟ್ಟಣದ ಗೊಂಬೆ ಎಂದರೆ ಹೊರಗಿನವರಿಗೆ ಬಣ್ಣ ನೆನಪಾಗುತ್ತದೆ. ಕೆಲಸದಲ್ಲಿರುವ ನಮಗೆ ನೆನಪಾಗುವುದು ಮರದ ಹೊಟ್ಟು, ಕರೆಂಟ್ ಹೋಗುವ ಹೊತ್ತು, ಡಜನ್ ಲೆಕ್ಕದ ಕೂಲಿ. ಟಿಪ್ಪು ಪರ್ಷಿಯಾದಿಂದ ಕೆಲಸಗಾರರನ್ನು ಕರೆಸಿದ್ದನಂತೆ, ನಿಜವೇ ಎಂದು ಬಂದವರೆಲ್ಲ ಕೇಳುತ್ತಾರೆ. ಊರಿನ ಹಿರಿಯರೂ ಹಾಗೇ ಹೇಳುತ್ತಾರೆ. ಕಳೆದ ಶತಮಾನದ ಶುರುವಿನಲ್ಲಿ ಬಾವಾಸ್ ಮಿಯಾ ಎಂಬುವರು ಜಪಾನಿನ ಅರಗು ಕೆಲಸದ ರೀತಿಯನ್ನು ಇಲ್ಲಿಗೆ ಹೊಂದಿಸಿದರೆಂದೂ ಹೇಳುತ್ತಾರೆ. ಕೇಳಿದವರಿಗೆ ನಾನೂ ಎರಡನ್ನೂ ಹೇಳುತ್ತೇನೆ, ಅವರಿಗೆ ಖುಷಿಯಾಗುತ್ತದೆ. ಆದರೆ ರೇಟಿನ ಮಾತು ಬಂದ ಕೂಡಲೇ ಟಿಪ್ಪು ಪಕ್ಕಕ್ಕೆ ಸರಿಯುತ್ತಾನೆ. ನಾವು ಮಾರುವುದು ಹೊತ್ತನ್ನು. ಮರ ಒಣಗುವ ಹೊತ್ತು, ಅರಗು ನಾದುವ ಹೊತ್ತು, ಉಳಿ ಹಿಡಿಯುವ ಹೊತ್ತು. ಹೊಸದಾಗಿ ಕಡಸಲು ಕೆಲಸಕ್ಕೆ ಇಳಿಯುವವರಿಗೂ ನಮ್ಮಿಂದ ಸಗಟಾಗಿ ಕೊಳ್ಳುವವರಿಗೂ ಈ ಮಾತುಗಳು.

1. ಮರ ಒಣಗುವವರೆಗೆ ಕಾಯಿರಿ, ಕಾದದ್ದಕ್ಕೂ ಬೆಲೆ ಹಾಕಿ

ನಮ್ಮ ಮೂಲ ಮರ ಆಲೆ. ಹಾಲೆ ಎಂದೂ ಕರೆಯುತ್ತಾರೆ, ಎಲೆ ಚಿವುಟಿದರೆ ಹಾಲು ಒಸರುವ ಮರ. ಮೈ ಬೆಳ್ಳಗೆ, ಎಳೆ ನುಣುಪು, ತೂಕ ಕಡಿಮೆ. ಉಳಿಗೆ ಇಷ್ಟು ಒಲಿಯುವ ಮರ ಇನ್ನೊಂದನ್ನು ನಾನು ಕಂಡಿಲ್ಲ. ಹಸಿಯಾಗಿದ್ದಾಗ ಮಾತ್ರ ಬಹಳ ಸೂಕ್ಷ್ಮ. ತೊಗಟೆ ಸಮೇತ ಮೂಲೆಗೆ ಒಟ್ಟಿಬಿಟ್ಟರೆ ಒಳಗೊಳಗೇ ಬೂಷ್ಟು ಹಿಡಿದು ನೀಲಿ, ಕಪ್ಪು ಕಲೆ ಬೀಳುತ್ತದೆ. ಅದರ ಮೇಲೆ ಹಳದಿ ಅರಗು ಕೂರಿಸಿದರೆ ಕಲೆ ಕೆಳಗಿನಿಂದ ಇಣುಕುತ್ತದೆ. ಹಾಗಾಗಿ ತಂದ ದಿನವೇ ಸಿಪ್ಪೆ ಸುಲಿದು, ಬೇಕಾದ ಉದ್ದಕ್ಕೆ ಕೊಯ್ದು, ಗಾಳಿಯಾಡುವ ನೆರಳಲ್ಲಿ ಅಡ್ಡಡ್ಡ ಜೋಡಿಸಬೇಕು. ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ, ಬೇಗ ಸೀಳುತ್ತದೆ ಕೂಡ. ದಪ್ಪ ತುಂಡಿನ ಎರಡೂ ತುದಿಗೆ ಮೇಣ ಬಳಿದಿಟ್ಟರೆ ಸೀಳು ಕಡಿಮೆ.

ಒಣಗಿದೆಯೋ ಇಲ್ಲವೋ ಎಂಬುದನ್ನು ಹಳಬರು ಎರಡು ತುಂಡು ತಟ್ಟಿ ಸದ್ದಿನಲ್ಲೇ ಹೇಳುತ್ತಾರೆ. ಹೊಸಬರಿಗೆ ತಕ್ಕಡಿ ಇದೆ. ಒಂದು ತುಂಡಿಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತಾಗ ಮರ ಕೆಲಸಕ್ಕೆ ಬಂತು. ಸಣ್ಣ ತುಂಡಿಗೂ ಎರಡು ಮೂರು ತಿಂಗಳು ಹಿಡಿಯುತ್ತದೆ. ಹಸಿ ಮರವನ್ನು ಕಡೆದರೆ ಆ ಹೊತ್ತಿಗೆ ಗುಂಡಗೇ ಕಾಣುತ್ತದೆ. ಮನೆಗೆ ಹೋದ ಮೇಲೆ ಸೊಟ್ಟಗಾಗುತ್ತದೆ, ಅರಗು ಬಿರಿಯುತ್ತದೆ, ಗೂಟ ಸಡಿಲವಾಗಿ ಗಾಲಿ ಕಳಚುತ್ತದೆ. ದಸರಾ ಬಂತು, ಹದಿನೈದು ದಿನದಲ್ಲಿ ಕೊಡಿ ಎನ್ನುವ ವ್ಯಾಪಾರಿ ಈ ತಿಂಗಳುಗಳನ್ನೇ ನಮ್ಮಿಂದ ಕಿತ್ತುಕೊಳ್ಳುತ್ತಿರುತ್ತಾನೆ. ಅವನಿಗೆ ಹೂಂ ಅನ್ನಬೇಕಾದರೆ ಬೇಸಗೆಯಲ್ಲೇ ಮರ ಕೊಂಡು ಒಟ್ಟಿರಬೇಕು. ಆ ದುಡ್ಡು ಅಷ್ಟು ತಿಂಗಳು ಅಟ್ಟದ ಮೇಲೆ ಮಲಗಿರುತ್ತದೆ. ಕೈಗಡ ತಂದ ದುಡ್ಡಾದರೆ ಅದರ ಬಡ್ಡಿ ಮಲಗುವುದಿಲ್ಲ.

ಕೇರಳದ ರಬ್ಬರ್ ಮರ ಈಗ ಹೇರಳವಾಗಿ ಬರುತ್ತಿದೆ, ಒಣಗಿಸಿ, ಅಳತೆಗೆ ಕೊಯ್ದು. ದೊಡ್ಡ ಸಾಮಾನಿಗೆ ಅದು ಒಳ್ಳೆಯದೇ. ಅದನ್ನು ಬಳಸಿದರೆ ಕಸುಬು ಕೆಟ್ಟಿತು ಎನ್ನುವವರ ಜೊತೆ ನಾನು ನಿಲ್ಲುವುದಿಲ್ಲ. ಬಿಲ್ಲಿನಲ್ಲಿ ಆಲೆಮರ ಎಂದು ಬರೆಯದಿದ್ದರೆ ಸಾಕು.

2. ಉಳಿ ಮೊಂಡಾದರೆ ಏಳಿ

ಮೊಂಡು ಉಳಿ ಮರವನ್ನು ಕತ್ತರಿಸುವುದಿಲ್ಲ, ಕೀಳುತ್ತದೆ. ಕಿತ್ತ ಎಳೆಯನ್ನು ಉಪ್ಪುಕಾಗದ ಹಾಕಿ ಉಜ್ಜಿ ಮುಚ್ಚುವಷ್ಟರಲ್ಲಿ ಮೂರು ಸಲ ಸಾಣೆ ಹಿಡಿಯಬಹುದು. ಹೊಟ್ಟು ಸುರುಳಿ ಸುರುಳಿಯಾಗಿ ಬರುತ್ತಿದ್ದರೆ ಕೂತಿರಿ, ಪುಡಿಯಾಗಿ ಬರುತ್ತಿದ್ದರೆ ಏಳಿ.

3. ಅರಗನ್ನು ಅವಸರಪಡಿಸಬೇಡಿ

ಮರ ನಮ್ಮ ಸೀಮೆಯದು, ಅರಗು ಅಲ್ಲ. ಜಾರ್ಖಂಡ್, ಛತ್ತೀಸಗಢದ ಕಡೆ ಮುತ್ತುಗ, ಕುಸುಮ, ಬೋರೆ ಮರಗಳ ಕೊಂಬೆಗಳಲ್ಲಿ ಒಂದು ಪುಟ್ಟ ಕೀಟ ತನ್ನ ಸುತ್ತ ಕಟ್ಟಿಕೊಳ್ಳುವ ಅಂಟು ಅದು. ಅಲ್ಲಿ ಕೆರೆದು, ತೊಳೆದು, ಸೋಸಿದ್ದು ನಮಗೆ ಚಕ್ಕೆಯಾಗಿ ಬರುತ್ತದೆ. ಇದ್ದಿಲ ಒಲೆಯ ಮೇಲೆ ಮೆತ್ತಗೆ ಮಾಡಿಕೊಂಡು, ಬಣ್ಣದ ಪುಡಿ ಸೇರಿಸಿ, ಎಳೆದು ಮಡಿಸಿ, ಮತ್ತೆ ಕಾಯಿಸಿ ಎಳೆದು ಮಡಿಸಿ, ಬಣ್ಣ ಎಲ್ಲ ಕಡೆ ಒಂದೇ ಸಮ ಆಗುವವರೆಗೆ ನಾದಬೇಕು. ಆಮೇಲೆ ಚಪ್ಪಡಿಯ ಮೇಲೆ ಉರುಳಿಸಿ ಕಡ್ಡಿ ಮಾಡುವುದು. ಕೈ ಸುಡುತ್ತದೆ, ಬೆರಳು ದಡ್ಡುಗಟ್ಟುತ್ತದೆ. ಅವಸರಕ್ಕೆ ಬೆಂಕಿ ಜೋರು ಮಾಡಿ ಬಹಳ ಹೊತ್ತು ಬಿಟ್ಟರೆ ಅರಗು ಗಟ್ಟಿಯಾಗಿಬಿಡುತ್ತದೆ, ಮತ್ತೆ ಕರಗುವುದೇ ಇಲ್ಲ. ಆ ಗಡ್ಡೆಯನ್ನು ಎಸೆಯಬೇಕಷ್ಟೆ.

ಲೇತಿನ ಮೇಲೆ ನಡೆಯುವುದು ಬೇರೆ ಆಟ. ಕಡೆದು ನುಣುಪು ಮಾಡಿದ ಮರ ತಿರುಗುತ್ತಿರುತ್ತದೆ. ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿದರೆ ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕುಂಚವಿಲ್ಲ, ಥಿನ್ನರ್ ಇಲ್ಲ. ಮೊದಲು ಒರಟಾಗಿ, ಪಟ್ಟೆ ಪಟ್ಟೆಯಾಗಿ ಕೂರುತ್ತದೆ. ಆಗ ತಾಳೆಗರಿ ಬರಬೇಕು. ತಾಳೆಹೂವಿನ ಗಿಡದ ಎಲೆ, ಪೇಟೆಯವರಿಗೆ ಕೇದಗೆ ಎಂದರೆ ತಿಳಿಯುತ್ತದೆ. ಮುಳ್ಳಿನ ಅಂಚು ತೆಗೆದು ಒಣಗಿಸಿದ ಪಟ್ಟಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರೆ, ಮೆತ್ತಗಿರುವ ಅರಗು ಹರಡಿ, ಹೆಚ್ಚಾದದ್ದು ಖಾಲಿ ಜಾಗಕ್ಕೆ ಸರಿದು, ಕ್ಷಣದಲ್ಲಿ ಹೊಳಪು ಏಳುತ್ತದೆ. ಒತ್ತುವ ಬಲ ಹೆಚ್ಚಾದರೆ ಅರಗು ಸುಟ್ಟು ಕಂದುತ್ತದೆ, ಕಡಿಮೆಯಾದರೆ ಗೀರು ಉಳಿಯುತ್ತದೆ. ಎರಡರ ನಡುವಿನ ಆ ಹದವನ್ನು ಬಾಯಲ್ಲಿ ಹೇಳಿಕೊಡಲು ನನಗಂತೂ ಆಗಿಲ್ಲ. ಕಲಿಯುವವರ ಕೈಯ ಮೇಲೆ ಕೈಯಿಟ್ಟು ಒತ್ತಿ ತೋರಿಸುತ್ತೇನೆ.

ಎರಡು ಬಣ್ಣದ ಪಟ್ಟಿ ಬರಬೇಕಾದರೆ ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಅಂಚನ್ನು ಉಳಿಯ ಮೊನೆಯಿಂದ ಬಿಡಿಸಿ. ಪದರ ತೆಳ್ಳಗಿರಲಿ, ದಪ್ಪ ಅರಗು ಕೆಳಗೆ ಬಿದ್ದರೆ ಚಕ್ಕೆ ಏಳುತ್ತದೆ.

ಕೊಳ್ಳುವವರಿಗೂ ಒಂದು ಗುಟ್ಟು. ಅರಗು ಕೂರುವುದು ಲೇತಿನ ಮೇಲೆ ತಿರುಗಿದ ಮೈಗೆ ಮಾತ್ರ. ಗೂಟದ ತೂತಿನ ಒಳಗೆ, ಸಂದಿಯ ಮೂಲೆಯಲ್ಲಿ, ಚಪ್ಪಟೆ ಹಲಗೆಯ ಮೇಲೆ ಎಲ್ಲ ಕಡೆಯೂ ಒಂದೇ ಹೊಳಪಿನ ಬಣ್ಣ ಕಂಡರೆ ಅದು ಸ್ಪ್ರೇ ಹೊಡೆದದ್ದು.

4. ಅರಿಶಿನದ ಹಳದಿ ಮಾಸುತ್ತದೆಂದು ಮೊದಲೇ ಹೇಳಿ

ಗಿಡದ ಬಣ್ಣಕ್ಕೆ ಈಗ ಬೇಡಿಕೆ ಇದೆ. ಹಳದಿಗೆ ಅರಿಶಿನ, ನೀಲಿಗೆ ನೀಲಿಗಿಡ, ಕಂದಿಗೆ ಕಾಚು. ಎಳೆ ಮಕ್ಕಳು ಬಾಯಿಗಿಡುವ ಸಾಮಾನಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಅರಿಶಿನ ಬಿಸಿಲು ತಾಳುವುದಿಲ್ಲ. ಅರಿಶಿನ, ನೀಲಿ ಬೆರೆಸಿದ ಹಸಿರು ಗಿಣಿಯನ್ನು ಅಂಗಡಿಯ ಗಾಜಿನ ಮುಂದೆ ಇಟ್ಟರೆ ಹಳದಿ ಹಾರಿಹೋಗಿ ಗಿಣಿ ನೀಲಿಗೆ ತಿರುಗುತ್ತದೆ. ಇದು ಮೋಸವಲ್ಲ, ಅರಿಶಿನದ ಗುಣ. ಮೊದಲೇ ಹೇಳಿದರೆ ಗುಣ, ಆಮೇಲೆ ಹೇಳಿದರೆ ನೆಪ. ಕಿಟಕಿಯ ಪಕ್ಕ ಇಡುವ ಅಲಂಕಾರದ ಸಾಮಾನು ಕೇಳಿದವರಿಗೆ ಗಿಡದ ಬಣ್ಣದ್ದನ್ನು ನಾನು ಮಾರುವುದಿಲ್ಲ.

5. ಅರಗಿಗೆ ಏನಾಗದು ಎಂಬುದನ್ನು ಚೀಟಿಯಲ್ಲಿ ಬರೆದುಕೊಡಿ

ಕೊರೋನಾ ಕಾಲದಲ್ಲಿ ಜನ ಕಂಡದ್ದಕ್ಕೆಲ್ಲ ಸ್ಯಾನಿಟೈಸರ್ ಸುರಿದರು, ಗೊಂಬೆಗೂ. ಅರಗು ಸ್ಪಿರಿಟ್‌ನಲ್ಲಿ ಕರಗುವ ವಸ್ತು. ಒರೆಸಿದ ಬಟ್ಟೆಗೆ ಬಣ್ಣ ಬಂತು, ಗೊಂಬೆ ಅಂಟಂಟಾಯಿತು. ಬಿಸಿ ನೀರಿಗೆ ಹಾಕಿದರೂ ಹೊಳಪು ಹೋಗಿ ಬೆಳ್ಳಗಾಗುತ್ತದೆ. ಬಿಸಿ ಲೋಟ ಇಟ್ಟರೆ ಬಳೆಯಾಕಾರದ ಗುರುತು ಗ್ಯಾರಂಟಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ತಿಕ್ಕಿ. ಇಷ್ಟು ಬರೆದ ಚೀಟಿಯೊಂದು ಪೊಟ್ಟಣದಲ್ಲಿದ್ದರೆ ವಾಪಸ್ ಬರುವ ಸಾಮಾನು ಕಡಿಮೆಯಾಗುತ್ತದೆ.

6. ಮಗುವಿನ ಗಂಟಲಿನ ಅಳತೆ ನಿಮ್ಮ ಮೇಜಿನ ಮೇಲಿರಲಿ

ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷಿಸಲು ಒಂದು ಕೊಳವೆ ಇದೆ. ಒಳವ್ಯಾಸ 31.7 ಮಿ.ಮೀ., ತಳ ಓರೆ, ಆಳ ಒಂದು ಕಡೆ 25.4, ಇನ್ನೊಂದು ಕಡೆ 57.1 ಮಿ.ಮೀ. ಆಟಿಕೆಯ ಯಾವುದೇ ಬಿಡಿ ಭಾಗ ಒತ್ತದೆಯೇ ಇದರೊಳಗೆ ಪೂರ್ತಿ ಇಳಿದರೆ ಅದು ಆ ವಯಸ್ಸಿಗಲ್ಲ. ಲೇತ್ ನಮ್ಮ ಕೈಯಲ್ಲೇ ಇದೆಯಲ್ಲ, ಇಂಥದ್ದೊಂದು ಕಡೆದು ಇಟ್ಟುಕೊಳ್ಳಿ. ಗಿಲಕಿಯ ಮಣಿ, ಗಾಡಿಯ ಗಾಲಿ, ಗೊಂಬೆಯ ಟೋಪಿ, ಕಳಚಬಹುದಾದದ್ದನ್ನೆಲ್ಲ ಅದರಲ್ಲಿ ಹಾಕಿ ನೋಡಿ.

2021ರ ಜನವರಿ 1ರಿಂದ ದೇಶದಲ್ಲಿ ಮಾರುವ ಆಟಿಕೆಗೆ ಐಎಸ್ಐ ಗುರುತು ಕಡ್ಡಾಯ. ಅಭಿವೃದ್ಧಿ ಆಯುಕ್ತರ ಕರಕುಶಲ ಕಚೇರಿಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ಮಾಡಿದ್ದಕ್ಕೂ, ಜಿಐ (ಭೌಗೋಳಿಕ ಸೂಚಕ) ನೋಂದಣಿಯ ಆಟಿಕೆಗಳಿಗೆ ಅದರ ಅಧಿಕೃತ ಬಳಕೆದಾರರು ಮಾಡಿದಾಗಲೂ, ವಿನಾಯಿತಿ ಇದೆ. ದೊಡ್ಡ ಉಪಕಾರವೇ, ನಮ್ಮಂಥ ಸಣ್ಣವರು ಪರೀಕ್ಷೆಯ ಖರ್ಚು ಹೊರುವುದು ಕಷ್ಟ. ಆದರೆ ವಿನಾಯಿತಿ ಸಿಕ್ಕಿತೆಂದು ಮಗುವಿನ ಗಂಟಲೇನೂ ಅಗಲವಾಗಲಿಲ್ಲ.

7. ಡಜನ್ ರೇಟನ್ನು ಬಿಡಿಸಿ ನೋಡಿ

ಎಲ್ಲಕ್ಕಿಂತ ಹೆಚ್ಚು ಹೇಳಬೇಕಾದದ್ದು ಇದನ್ನೇ. ಕೂಲಿ ಡಜನ್ ಲೆಕ್ಕ. ಬುಗುರಿಗೆ ಇಷ್ಟು, ಗಿಲಕಿಗೆ ಇಷ್ಟು. ರೇಟು ಕುದುರಿಸುವಾಗ ವ್ಯಾಪಾರಿ ಲೇತಿನ ಪಕ್ಕ ನಿಂತು ನೋಡುತ್ತಾನೆ. ಬುಗುರಿ ಕಣ್ಣೆದುರಿಗೇ ಕಡೆದು, ಬಣ್ಣ ಬಳಿದು, ಕತ್ತರಿಸಿ ಬೀಳುತ್ತದೆ. ಇಷ್ಟೇನಾ, ಎರಡು ನಿಮಿಷದ ಕೆಲಸ ಎನ್ನುತ್ತಾನೆ. ಅವನು ನೋಡಿದ್ದು ಆ ಎರಡು ನಿಮಿಷವನ್ನಷ್ಟೆ.

ಅದೇ ಡಜನ್ ಬುಗುರಿಗೆ ಮರ ಸುಲಿದವರು ಬೇರೆ, ತುಂಡು ಕೊಯ್ದವರು ಬೇರೆ, ಕಡ್ಡಿ ಎಳೆದವರು ಬೇರೆ. ಕಡೆದ ಮೇಲೆ ಮೊಳೆ ಕೂರಿಸುವುದು, ಒಂದೊಂದನ್ನೂ ತಿರುಗಿಸಿ ನೋಡುವುದು, ಓಲಾಡುವುದನ್ನು ಬೇರೆ ತೆಗೆಯುವುದು, ಕಾಗದ ಸುತ್ತುವುದು. ಇದರಲ್ಲಿ ಬಹುಪಾಲು ಮನೆಯ ಹೆಂಗಸರ ಕೈಯಲ್ಲಿ, ಅಡುಗೆಯ ನಡುವೆ, ಲೆಕ್ಕಕ್ಕೆ ಬಾರದೆ ಮುಗಿದುಹೋಗುತ್ತದೆ. ಮನೆಯವರೇ ತಾನೆ ಎಂದು ನಾವೇ ಬಿಟ್ಟಿ ಎಂದು ಬಗೆದರೆ ವ್ಯಾಪಾರಿ ಯಾಕೆ ಕೊಟ್ಟಾನು?

ಒಂದು ನೋಟ್‌ಬುಕ್ ಇಡಿ. ಒಂದು ಸಾಮಾನನ್ನು ಮರದಿಂದ ಪೊಟ್ಟಣದವರೆಗೆ ಮಾಡಲು ಯಾರ್ಯಾರ ಕೈ ಎಷ್ಟು ಹೊತ್ತು ಹಿಡಿಯಿತು ಎಂದು ಬರೆಯಿರಿ. ಕೆಟ್ಟುಹೋದ ತುಂಡನ್ನೂ, ಕರೆಂಟ್ ಹೋಗಿ ಕೂತ ಹೊತ್ತನ್ನೂ ಸೇರಿಸಿ. ಲೇತಿನ ಕೆಲಸ ಒಟ್ಟು ಹೊತ್ತಿನಲ್ಲಿ ಎಷ್ಟು ಸಣ್ಣ ಪಾಲು ಎಂದು ಆಗ ಕಾಣುತ್ತದೆ. ಆ ಪುಟವನ್ನು ವ್ಯಾಪಾರಿಯ ಮುಂದೆ ತೆರೆದಿಡಿ. ಕೆಲವರು ಎದ್ದು ಹೋಗುತ್ತಾರೆ, ಹೋಗಲಿ. ಕೂತವರ ಜೊತೆ ಮಾತು ಮೊದಲಿನಂತಿರುವುದಿಲ್ಲ. ಕೂಲಿ ಎಂಬ ಒಂದೇ ಸಾಲಿನ ಬದಲು ಏಳೆಂಟು ಸಾಲಿನ ಮೇಲೆ ಚರ್ಚೆ ನಡೆಯುತ್ತದೆ. ಏಳೆಂಟು ಸಾಲನ್ನು ಒಟ್ಟಿಗೆ ತಳ್ಳಿಹಾಕುವುದು ಅಷ್ಟು ಸುಲಭವಲ್ಲ.

ಹೊಸ ನಮೂನೆಗೆ ಮೊದಲ ತುಂಡಿನ ಬೆಲೆ ಬೇರೆಯೇ ಕೇಳಿ. ಬೆಂಗಳೂರಿನ ಡಿಸೈನ್ ಓದಿದ ಮಕ್ಕಳು ಒಳ್ಳೊಳ್ಳೆಯ ಚಿತ್ರ ತರುತ್ತಾರೆ, ದೀಪ, ಬಾಗಿಲ ಹಿಡಿ, ಲೆಕ್ಕದ ಮಣಿಚೌಕ. ಕಾಗದದ ಮೇಲಿನದು ಲೇತಿನ ಮೇಲೆ ನಿಲ್ಲುವಂತೆ ಮಾಡುವವರು ನಾವು. ಆ ಯೋಚನೆ ಅರ್ಧ ನಮ್ಮದು. ಸ್ಯಾಂಪಲ್ ಎಂಬ ಹೆಸರಿನಲ್ಲಿ ಅದನ್ನು ಪುಕ್ಕಟೆ ಕೊಡಬೇಡಿ.

8. ಜಿಐ ಊರಿಗೆ ಬಂದಿದೆ, ನಿಮ್ಮ ಹೆಸರಿಗೆ ಬಂದಿದೆಯೇ ನೋಡಿ

ಚನ್ನಪಟ್ಟಣದ ಆಟಿಕೆಗೆ 2005–06ರಲ್ಲೇ ಜಿಐ ಮಾನ್ಯತೆ ಸಿಕ್ಕಿತು. ಗೊಂಬೆ ಮಾಡುವವರೆಲ್ಲ ಅದರೊಂದಿಗೆ ತಾನಾಗಿಯೇ ಸೇರಿಬಿಟ್ಟೆವು ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಅಧಿಕೃತ ಬಳಕೆದಾರ ಎಂದು ಪ್ರತಿಯೊಬ್ಬರೂ ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು. ಕೇಂದ್ರದ ಕುಶಲಕರ್ಮಿ ಗುರುತಿನ ಚೀಟಿ, ಅಂದರೆ ಪೆಹಚಾನ್ ಕಾರ್ಡ್, ಅದು ಇನ್ನೊಂದು. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗೊಂಬೆ, ಆಟಿಕೆ ಮಾಡುವವರೂ ಇದ್ದಾರೆ, ಅದು ಮೂರನೆಯದು. ಮೂರಕ್ಕೂ ಅಲೆಯಬೇಕು, ಕೂಲಿ ಬಿಟ್ಟು. ಒಬ್ಬೊಬ್ಬರೇ ಹೋಗುವ ಬದಲು ಬೀದಿಯವರೆಲ್ಲ ಸೇರಿ, ಓದುಬರಹ ಚೆನ್ನಾಗಿ ಬಲ್ಲ ಒಬ್ಬರಿಗೆ ಆ ದಿನಗಳ ಕೂಲಿ ಕೊಟ್ಟು ಕಳಿಸಿ.

9. ಒಂದೇ ರಸ್ತೆಯನ್ನು ನಂಬಬೇಡಿ

ಬೆಂಗಳೂರು–ಮೈಸೂರು ಹಳೆ ಹೆದ್ದಾರಿಯ ಬದಿಯ ಅಂಗಡಿಗಳು ನಮ್ಮ ಸಾಮಾನಿನ ದೊಡ್ಡ ಬಾಗಿಲಾಗಿದ್ದವು. ಕಾಫಿಗೆ ನಿಲ್ಲಿಸಿದವರು ಮರಗುದುರೆ ಹೊತ್ತು ಹೋಗುತ್ತಿದ್ದರು. 2023ರ ಮಾರ್ಚ್‌ನಲ್ಲಿ ದಶಪಥ ಉದ್ಘಾಟನೆಯಾಯಿತು, ಕಾರುಗಳು ಊರಿನ ಹೊರಗೇ ಹಾದುಹೋಗತೊಡಗಿದವು. ವಿದೇಶಿ ಆಟಿಕೆಯ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿದ್ದು ನಮಗೆ ಒಳ್ಳೆಯದೇ, ಆದರೆ ಸುಂಕ ಏರಿದ ಮಾತ್ರಕ್ಕೆ ಕಾರು ನಿಲ್ಲುವುದಿಲ್ಲ. ಶಾಲೆಗಳು, ಪುಟ್ಟ ಮಕ್ಕಳ ಸಾಮಾನಿನ ಅಂಗಡಿಗಳು, ಕಾವೇರಿ ಎಂಪೋರಿಯಂ, ಮದುವೆ ಮನೆಯ ಉಡುಗೊರೆ, ಹೀಗೆ ನಾಲ್ಕಾರು ಕಡೆ ಸ್ವಲ್ಪ ಸ್ವಲ್ಪ ಹೋಗುತ್ತಿರಲಿ.

10. ಕಲಿಯುವವರಿಗೂ ಕೂಲಿ ಕೊಡಿ

ನಮ್ಮ ಮಕ್ಕಳು ಈ ಕೆಲಸಕ್ಕೆ ಬರುತ್ತಿಲ್ಲ ಎಂದು ಸಭೆಗಳಲ್ಲಿ ಅಳುವುದು ಕೇಳಿ ಕೇಳಿ ಸಾಕಾಗಿದೆ. ಬಿಡದಿಯ ಕಾರ್ಖಾನೆ ತಿಂಗಳ ಮೊದಲ ವಾರದಲ್ಲಿ ಸಂಬಳ ಹಾಕುತ್ತದೆ. ನಾವು ಒಂದು ವರ್ಷ ಬಿಟ್ಟಿ ದುಡಿಸಿ, ಕಲಿಸಿದೆವೆಂದು ಹೇಳಿಕೊಳ್ಳುತ್ತೇವೆ. ಯಾರು ಬಂದಾರು?

ಈಗ ಬರುವವರಲ್ಲಿ ಹೆಣ್ಣುಮಕ್ಕಳು ಹೆಚ್ಚು, ಅವರ ಕೈ ನಿಲ್ಲುತ್ತದೆ. ಮೊದಲ ದಿನ ಉಳಿ ಕೊಡಬೇಡಿ. ಜಡೆ ಮೇಲೆತ್ತಿ ಕಟ್ಟುವುದು, ಸೆರಗು, ದುಪಟ್ಟಾ ಬಿಗಿಯುವುದು, ಬಳೆ ತೆಗೆದಿಡುವುದು, ಮೂಗಿಗೆ ಬಟ್ಟೆ ಕಟ್ಟುವುದು, ಸ್ವಿಚ್ ಎಲ್ಲಿದೆ ಎಂದು ನೋಡದೆಯೇ ಕೈ ಚಾಚಿ ಆರಿಸುವುದು, ಇವು ಮೊದಲು. ಆಮೇಲೆ ಮಣಿ. ಮಣಿ ಸಣ್ಣದು, ಮರ ಹಾಳಾದರೂ ನಷ್ಟವಿಲ್ಲ, ಉಳಿಯ ಏರಿಳಿತ, ಅರಗು, ತಾಳೆಗರಿ ಮೂರೂ ಅದರಲ್ಲೇ ಬರುತ್ತವೆ. ಕಲಿಯುವವರ ಮಣಿಯಲ್ಲಿ ಒಪ್ಪವಾದದ್ದನ್ನು ಆರಿಸಿ ಸರಕ್ಕೆ ಪೋಣಿಸಿ ಮಾರಿ. ಆ ದುಡ್ಡನ್ನು ಶನಿವಾರ ಸಂಜೆ ಅವರ ಕೈಗೇ ಎಣಿಸಿ ಕೊಡಿ, ಅವರ ನೋಟ್‌ಬುಕ್ಕಿನಲ್ಲಿ ಬರೆಸಿ. ಅಲ್ಲಿಂದಲೇ ಅವರೂ ಹೊತ್ತಿನ ಲೆಕ್ಕ ಇಡುವುದು ಶುರುವಾಗಲಿ.